ಶಾಲು ಸಾಕು, ಹಾಡಲು ಬಿಡಿ

ಅರವತ್ತು ದಾಟಿದವರು ಹೇಗಿರಬೇಕು ಅನ್ನೋದಕ್ಕೆ ನಮ್ಮಲ್ಲಿ ಒಂದು ಅಲಿಖಿತ ಸರ್ಕ್ಯುಲರ್ ಇದೆ. ಗಂಭೀರವಾಗಿ ಕೂತಿರಬೇಕು, ಕರೆದಾಗ ವೇದಿಕೆ ಹತ್ತಬೇಕು, ಶಾಲು ಹೊದಿಸಿಕೊಂಡು ಇಳಿಯಬೇಕು. ಪುಣೆಯಲ್ಲಿ ಕನ್ನಡದ ಗೆಳೆಯರ ಜೊತೆ ‘ಶೈನ್ ಎ ಲೈಟ್’ ಸಿನಿಮಾ ನೋಡಿದಾಗ ಬಂದ ಮೊದಲ ಮಾತೂ ಅದೇ: “ಈ ವಯಸ್ಸಲ್ಲಿ ಇವರಿಗ್ಯಾಕ್ರೀ ಈ ಕುಣಿತ?” ಈ ಪ್ರಶ್ನೆಯೇ ತಪ್ಪು ಅನ್ನೋದು ನನ್ನ ವಾದ.

ರೋಲಿಂಗ್ ಸ್ಟೋನ್ಸ್ 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಕ್ ತಂಡ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿ ಹೋದವರು. 2006ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಅವರು ಕೊಟ್ಟ ಕಾರ್ಯಕ್ರಮವನ್ನು ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಚಿತ್ರೀಕರಿಸಿದರು. 2008ರಲ್ಲಿ ಅದು ತೆರೆಗೆ ಬಂತು. ಚಿತ್ರೀಕರಣದ ಹೊತ್ತಿಗೆ ಹಾಡುಗಾರ ಮಿಕ್ ಜಾಗರ್‌ಗೆ 63, ಗಿಟಾರಿನ ಕೀತ್ ರಿಚರ್ಡ್ಸ್‌ಗೆ 62, ಡ್ರಮ್ಸ್ ಬಾರಿಸುವ ಚಾರ್ಲಿ ವಾಟ್ಸ್‌ಗೆ 65. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಮೂವರೂ ಪೆನ್ಷನ್‌ದಾರರು!

ಕ್ಯಾಮೆರಾ ಅವರ ಮುಖದ ಒಂದು ಸುಕ್ಕನ್ನೂ ಮುಚ್ಚಿಲ್ಲ. ಒಂದು ಹಾಡು ಮುಗಿದಾಗ ವಾಟ್ಸ್ ಕೆನ್ನೆ ಉಬ್ಬಿಸಿ ‘ಉಸ್ಸಪ್ಪಾ’ ಅಂತ ಉಸಿರು ಬಿಡುತ್ತಾರೆ. ಸುಸ್ತಾಗಿದೆ, ಮುಚ್ಚಿಡುವುದಿಲ್ಲ, ಮರುಕ್ಷಣ ಮುಂದಿನ ಹಾಡು. 70ರ ಬ್ಲೂಸ್ ಗಾಯಕ ಬಡ್ಡಿ ಗೈ ಅತಿಥಿಯಾಗಿ ಬಂದು ಹಾಡಿದರೆ, ರಿಚರ್ಡ್ಸ್ ತನ್ನ ಗಿಟಾರನ್ನೇ ಕೊಟ್ಟುಬಿಡುತ್ತಾರೆ. ಹಿರಿಯರಿಗೆ ಸನ್ಮಾನ ಅಂದರೆ ಅದು. ಮೊದಲು ಹಾಡಿಸಿದರು, ಆಮೇಲೆ ಕೊಟ್ಟರು.

“ಎಲ್ಲಾ ದುಡ್ಡಿಗಾಗಿ ಸ್ವಾಮಿ” ಅನ್ನುವವರಿದ್ದಾರೆ. ಹೌದು, ದುಡ್ಡಿಗೂ ಹೌದು. ಜಾಗರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದು ಅರ್ಧಕ್ಕೆ ಬಿಟ್ಟವರು, ಲೆಕ್ಕ ಗೊತ್ತಿದ್ದವರು. ದುಡಿದವರು ಕೂಲಿ ಕೇಳಿದರೆ ತಪ್ಪೇನು? ನಮ್ಮ ಕಲಾವಿದರು ಹಣ್ಣಿನ ಬುಟ್ಟಿ ತಿಂದುಕೊಂಡು ವರ್ಷವಿಡೀ ಬದುಕಬೇಕೇ?

“ಅದು ಅವರ ಸಂಸ್ಕೃತಿ, ನಮ್ಮದಲ್ಲ” ಅನ್ನುವುದಂತೂ ಶುದ್ಧ ಸುಳ್ಳು. ನಮ್ಮ ಗದಗಿನ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ಹೆಸರಲ್ಲಿ ಪುಣೆಯಲ್ಲಿ 1953ರಿಂದ ನಡೆಸಿಕೊಂಡು ಬಂದ ಉತ್ಸವದಲ್ಲಿ 80 ದಾಟಿದ ಮೇಲೂ ಹಾಡಿದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ಇಳಿವಯಸ್ಸಿನವರೆಗೆ ಹಾಡು ಬಿಡಲಿಲ್ಲ. ಅವರಿಗೆ ಯಾರೂ “ಈ ವಯಸ್ಸಲ್ಲಿ ಯಾಕೆ” ಅನ್ನಲಿಲ್ಲ. ಹಾಗಾದರೆ ಹೆಸರಿಲ್ಲದ ಹಿರಿಯರಿಗೆ ಮಾತ್ರ ಯಾಕೆ ಈ ನಿಯಮ?

ಹೊರನಾಡಿನ ಒಂದು ರಾಜ್ಯೋತ್ಸವದಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಉತ್ತರ ಕರ್ನಾಟಕದಿಂದ ಎಪ್ಪತ್ತು ದಾಟಿದ ರಂಗಗೀತೆಯ ಹಾಡುಗಾರರನ್ನು ಕರೆಸಿದ್ದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದರು. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷರ ಮಾತು, ಎಲ್ಲ ಸೇರಿ ಎರಡೂವರೆ ಗಂಟೆ. ಮೈಸೂರು ಪೇಟ ತೊಡಿಸಿದರು, ಫೋಟೋ ತೆಗೆಸಿದರು. ಅವರು ಶ್ರುತಿ ಹಿಡಿಯುವಷ್ಟರಲ್ಲಿ ನಿರೂಪಕರು ಚೀಟಿ ಕಳಿಸಿದರು: “ಒಂದೇ ಹಾಡು, ಊಟಕ್ಕೆ ತಡ ಆಯ್ತು.” ಆ ಒಂದು ಹಾಡನ್ನಾದರೂ ಯಾರೂ ರೆಕಾರ್ಡ್ ಮಾಡಲಿಲ್ಲ. ಭಾಷಣಗಳ ವಿಡಿಯೋ ಮಾತ್ರ ಪೂರ್ತಿ ಇದೆ.

ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು. 65ರಲ್ಲಿ ಅವರು ಹೇಗೆ ಬಾರಿಸುತ್ತಿದ್ದರು ಅನ್ನೋದನ್ನು ಇವತ್ತಿಗೂ ನೋಡಬಹುದು. ನಮ್ಮ ಆ ಹಾಡುಗಾರರದ್ದು ಏನು ಉಳಿದಿದೆ? ಪೇಟ ತೊಟ್ಟ ಒಂದು ಫೋಟೋ.

ಊರಿನ ಓದುಗರಲ್ಲಿ ಒಂದು ವಿನಂತಿ. ಇನ್ನು ಮುಂದೆ ಹೊರನಾಡಿನ ಸಂಘದವರು ನಿಮ್ಮೂರಿನ ಹಿರಿಯ ಕಲಾವಿದರನ್ನು ಕರೆದರೆ ಮೊದಲೇ ಕೇಳಿ: ಸಂಭಾವನೆ ಎಷ್ಟು? ಹಾಡಲು ಒಂದು ಗಂಟೆ ಕೊಡುತ್ತೀರಾ? ರೆಕಾರ್ಡ್ ಮಾಡುತ್ತೀರಾ? ಉತ್ತರ ಸರಿಯಿಲ್ಲದಿದ್ದರೆ ದಯವಿಟ್ಟು ಕಳಿಸಬೇಡಿ. ಶಾಲು ಬೇಕಾದರೆ ನಾವು ಅಂಚೆಯಲ್ಲಿ ಕಳಿಸುತ್ತೇವೆ.