ಪದವಿಚಾರ: ‘ಅಡ್ಜಸ್ಟ್’

ಕುರುಬರಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಹೊರಟ ಬಸ್ಸಿನಲ್ಲಿ ಇಬ್ಬರ ಸೀಟಿನ ಅಂಚಿಗೆ ಮೂರನೆಯವರು ಬಂದು ನಿಂತು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವುದನ್ನು ವಾಚಕರು ಕೇಳಿಯೇ ಇರುವರು, ಆಡಿಯೂ ಇರಬಹುದು. ಈ ಕ್ರಿಯಾಪದವು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದುದು. ಅದರ ಲ್ಯಾಟಿನ್ ಮೂಲಕ್ಕೆ ‘ಹತ್ತಿರಕ್ಕೆ ತರು’ ಎಂದರ್ಥ. ಹಾಗೆ ನೋಡಿದರೆ ಬಸ್ಸಿನವರ ಪ್ರಯೋಗವೇ ಮೂಲಕ್ಕೆ ಹೆಚ್ಚು ಸಮೀಪವೆನ್ನಬೇಕು!

ಗಡಿಯಾರದ ಮುಳ್ಳನ್ನು ಸರಿಪಡಿಸುವುದಕ್ಕೂ ಹೊಸ ಊರಿನ ಹವೆಗೆ ಒಗ್ಗುವುದಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ಪದ ಸಾಕು. ನಮ್ಮವರು ಅದಕ್ಕೆ ‘ಮಾಡು’, ‘ಮಾಡಿಕೊಳ್ಳು’ ಎಂಬೆರಡನ್ನು ಹಚ್ಚಿ ಭೇದವನ್ನು ಕಲ್ಪಿಸಿದ್ದಾರೆ. ಸ್ಕೂಟರಿನ ಕನ್ನಡಿಯನ್ನು ಅಡ್ಜಸ್ಟ್ ಮಾಡುತ್ತೇವೆ. ನೆರೆಮನೆಯವರೊಡನೆ ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ. ಈ ಭೇದವು ಎಲ್ಲೆಡೆಯೂ ನಿಲ್ಲುವುದಿಲ್ಲ. ಬಸ್ಸಿನಲ್ಲಿ ‘ಮಾಡಿ’ ಎಂದರೂ ಸರಿಯಬೇಕಾದವರು ನಾವೇ. ಕಡೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳಿರೆಂದು ಬಾಡಿಗೆದಾರನು ಹೇಳಿದರೆ, ಅದು ವಜಾ ಮಾಡಿಕೊಳ್ಳಿರೆಂಬ ಲೆಕ್ಕದ ಮಾತು.

ನಮಗೆ ಚಿಂತೆ ಹತ್ತಿರುವುದು ಮದುವೆಯ ಮಾತುಕತೆಯ ಪ್ರಯೋಗದಿಂದ. ‘ಹುಡುಗಿ ಅಡ್ಜಸ್ಟ್ ಮಾಡಿಕೊಳ್ಳುವಳೇ?’ ಎಂದು ವಿಚಾರಿಸುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಹುಡುಗನ ವಿಷಯದಲ್ಲಿ ಅಷ್ಟಾಗಿ ಕೇಳಿಲ್ಲ. ‘ಹೊಂದಿಕೆ’ ಎಂಬ ನಮ್ಮ ಪದಕ್ಕಾದರೋ ಇಬ್ಬರು ಬೇಕು. ಜಾತಕದ ಹೊಂದಿಕೆಯನ್ನು ನೋಡುವವರೂ ಎರಡು ಜಾತಕಗಳನ್ನು ಎದುರಿಗಿಟ್ಟುಕೊಳ್ಳುವರಷ್ಟೆ. ಆ ಪದವನ್ನು ಸರಿಸಿ ಇಂಗ್ಲಿಷನ್ನು ಕೂರಿಸಿದ ಮೇಲೆ, ಇಬ್ಬರು ಹೊರಬೇಕಾದುದನ್ನು ಒಬ್ಬಳ ತಲೆಗೆ ಕಟ್ಟುವುದು ಸುಲಭವಾಗಿದೆ. ಬೀಗರಾಗುವವರು ಹಾಗೆ ಕೇಳಿದಾಗ, ‘ನಿಮ್ಮ ಹುಡುಗ ಮಾಡಿಕೊಳ್ಳುವನೇ?’ ಎಂದು ತಿರುಗಿ ಕೇಳುವುದಕ್ಕೆ ವ್ಯಾಕರಣದ ಅಡ್ಡಿಯೇನೂ ಇಲ್ಲ.