ಒಂದೇ ತಕ್ಕಡಿ, ಎರಡು ಕಲ್ಲು

ಹುಣಸೆಹಣ್ಣು ಕೊಳ್ಳೋವಾಗ ಒಂದು ಕಲ್ಲು, ಮಾರೋವಾಗ ಇನ್ನೊಂದು ಕಲ್ಲು ಇಟ್ಟು ತೂಗುವ ವ್ಯಾಪಾರಿಯನ್ನು ನಮ್ಮ ಮಡಕಶಿರಾ ಸೀಮೆಯಲ್ಲಿ ಯಾರೂ ಎರಡನೇ ಸಲ ನಂಬೋದಿಲ್ಲ. 2011ರಲ್ಲಿ ಅರಬ್ ನಾಡುಗಳ ಜನ ಬೀದಿಗಿಳಿದಾಗ ಸೌದಿ ಅರೇಬಿಯಾ ನೆರೆಹೊರೆಯವರನ್ನು ತೂಗಿದ್ದು ಹೀಗೇ ಅಂತ ನನ್ನ ಅಭಿಪ್ರಾಯ.

ಬಹರೈನ್ ನೋಡಿ. ಅಲ್ಲಿ ಪ್ರಜೆಗಳಲ್ಲಿ ಹೆಚ್ಚಿನವರು ಶಿಯಾ, ದೊರೆಮನೆ ಸುನ್ನಿ. ರಾಜಧಾನಿ ಮನಾಮಾದ ಮುತ್ತಿನ ವೃತ್ತದಲ್ಲಿ ಸೇರಿದ ಜನ ಮೊದಲು ಕೇಳಿದ್ದು ತಾವೇ ಆರಿಸಿದ ಸರ್ಕಾರ, ಸಮಾನ ಹಕ್ಕು. ಮಾರ್ಚ್ 14ರಂದು ಸುಮಾರು ಒಂದು ಸಾವಿರ ಸೌದಿ ಸೈನಿಕರು ಕಡಲ ಸೇತುವೆ ದಾಟಿ ದೊರೆಯ ಬೆಂಬಲಕ್ಕೆ ಬಂದರು. ಇರಾನಿನ ಕೈವಾಡ ಎಂಬ ಮಾತು ಎದ್ದಿತು. ಆ ಭಯಕ್ಕೆ ಬುಡವೇ ಇಲ್ಲ ಅಂತ ನಾನು ಹೇಳೋದಿಲ್ಲ. ಸೌದಿಯ ಎಣ್ಣೆ ಬಾವಿಗಳಿರುವ ಪೂರ್ವ ಪ್ರಾಂತ್ಯದಲ್ಲೂ ಶಿಯಾ ಜನ ಬಹಳ. ಆದರೆ ಬಹರೈನ್ ದೊರೆಯೇ ನೇಮಿಸಿದ ಬಸ್ಸಿಯೂನಿ ಆಯೋಗ, ಇರಾನಿನ ನಂಟನ್ನು ಸ್ಪಷ್ಟವಾಗಿ ತೋರಿಸುವ ಸಾಕ್ಷಿ ಇಲ್ಲ ಎಂದು ಅದೇ ನವೆಂಬರಿನಲ್ಲಿ ವರದಿ ಕೊಟ್ಟಿತು.

ಸಿರಿಯಾಕ್ಕೆ ಮಾತ್ರ ಬೇರೆ ಕಲ್ಲು. ಆಗಸ್ಟಿನಲ್ಲಿ ಸೌದಿ ದೊರೆ ಅಬ್ದುಲ್ಲಾ ಅಲ್ಲಿಂದ ರಾಯಭಾರಿಯನ್ನು ವಾಪಸು ಕರೆಸಿ, ರಕ್ತಪಾತ ನಿಲ್ಲಿಸಿ ಎಂದು ಅಸಾದ್‌ಗೆ ಬುದ್ಧಿ ಹೇಳಿದರು. ಹೇಳಿದ್ದು ಸರಿಯೇ. ಮುಂದೆ ಬಂಡುಕೋರರಿಗೆ ಹಣ, ಆಯುಧವೂ ಹೋಯಿತು. ಯಾಕಂದ್ರೆ ಅಸಾದ್ ಇರಾನಿನ ಗೆಳೆಯ. ಶತ್ರುವಿನ ಮನೆಯಲ್ಲಿ ಜನ ಎದ್ದರೆ ನ್ಯಾಯ, ನೆಂಟರ ಮನೆಯಲ್ಲಿ ಎದ್ದರೆ ಪಿತೂರಿ!

ಯೆಮನ್‌ನಲ್ಲಿ ಇನ್ನೊಂದು ಉಪಾಯ. 33 ವರ್ಷ ಆಳಿದ ಸಲೇ ನವೆಂಬರ್ 23ರಂದು ರಿಯಾದ್‌ನಲ್ಲೇ ಕೂತು ಅಧಿಕಾರ ಬಿಡುವ ಕಾಗದಕ್ಕೆ ಸಹಿ ಹಾಕಿದರು. ಬದಲಿಗೆ ಅವರ ಮೇಲೆ ವಿಚಾರಣೆ ಇಲ್ಲ ಎಂಬ ಕರಾರು. ಗರಿಕೆಯನ್ನು ಬುಡ ಕೀಳದೆ ಮೇಲೆ ಸವರಿದ ಹಾಗೆ. ಆ ಸಲೇ ಮುಂದೆ ತಮ್ಮ ಹಳೇ ವೈರಿಗಳಾದ ಹೂತಿಗಳ ಜೊತೆ ಕೂಡಿದರು. 2014ರಲ್ಲಿ ರಾಜಧಾನಿ ಸನಾ ಹೂತಿಗಳ ವಶವಾಯಿತು. 2015ರ ಮಾರ್ಚಿನಲ್ಲಿ ಸೌದಿ ವಿಮಾನಗಳು ಬಾಂಬು ಹಾಕತೊಡಗಿದವು. ದೂರದ ಊರಿನ ಜಗಳ ನಮಗ್ಯಾಕೆ ಅನ್ನುವವರು ಕೇಳಿ: ಆಗ ಯೆಮನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು ನಮ್ಮ ಹಡಗು, ವಿಮಾನಗಳು ಕರೆತರಬೇಕಾಯಿತು. ಹೊಟ್ಟೆಪಾಡಿಗೆ ಹೋದವರು. ಕಡಪ ಕಡೆಯಿಂದ ಕುವೈತ್‌ಗೆ ಹೋಗುವವರ ಹಾಗೆಯೇ.

ಬೈದದ್ದೂ ಬಹಳ ಕಾಲ ನಿಲ್ಲಲಿಲ್ಲ. 2023ರ ಮೇ ತಿಂಗಳಲ್ಲಿ ಅದೇ ಅಸಾದ್‌ಗೆ ಜೆಡ್ಡಾದ ಅರಬ್ ಶೃಂಗಸಭೆಯಲ್ಲಿ ಕುರ್ಚಿ ಹಾಕಿದರು. 2024ರ ಡಿಸೆಂಬರಿನಲ್ಲಿ ಅವರು ಮಾಸ್ಕೋಗೆ ಓಡಿದ ಮೇಲೆ ಹೊಸಬರಿಗೂ ರಿಯಾದ್ ಬಾಗಿಲು ತೆರೆಯಿತು. ಮುತ್ತಿನ ವೃತ್ತದ ಸ್ಮಾರಕವನ್ನು ಮಾತ್ರ 2011ರ ಮಾರ್ಚ್ 18ರಂದೇ ಕೆಡವಿಬಿಟ್ಟರು. ಈಗ ಅಲ್ಲಿರುವುದು ಬೇರೆ ಹೆಸರಿನ ಕೂಡುರಸ್ತೆ.