ಸಿದ್ಧವಾಗಬೇಕಾದವರು ಯಾರು?

"ಐ.ಟಿ.ಐ. ಮಾಡಿದ ಹುಡುಗರು ಬರ್ತಾರೆ, ಆದರೆ ಕೆಲಸಕ್ಕೆ ರೆಡಿ ಇರಲ್ಲ ಕಣ್ರೀ." ಫ್ಯಾಕ್ಟರಿ ಮಾಲೀಕರು ಹೀಗಂತಾರೆ. ವೇದಿಕೆ ಸಿಕ್ಕರೆ ದೊಡ್ಡವರೂ ಹೀಗೇ ಅಂತಾರೆ. ಕೇಳೀ ಕೇಳೀ ನಮ್ಮ ಹುಡುಗರೇ ಇದನ್ನು ನಂಬತೊಡಗಿದ್ದಾರೆ. ಹಾಸ್ಟೆಲ್ಲಿನ ಗೆಳೆಯರೇ, ನಂಬುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ನಮ್ಮ ರೂಮಿನಲ್ಲಿ ನಾಲ್ಕು ಜನ ಇದ್ದೆವು. ಮೂವರು ಬಿ.ಎ., ಒಬ್ಬ ಫಿಟ್ಟರ್. ನಾವು ಚಾಪೆ ಮೇಲೆ ಬಿದ್ದುಕೊಂಡು ಕವಿತೆ ಗೀಚುತ್ತಿದ್ದರೆ ಅವನು ವರ್ಕ್‌ಶಾಪಿನಿಂದ ಬಂದು ಅಂಗೈ ಬೊಬ್ಬೆ ತೋರಿಸುತ್ತಿದ್ದ. ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಎರಡು ವರ್ಷ ಹೀಗೆ ಕಲಿತು ಪಾಸಾದ. ಬೆಂಗಳೂರಿನ ಪೀಣ್ಯದ ಕಡೆ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದ.

ಓದು ಮುಗಿದ ಮೇಲೆ ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ. ಅಲ್ಲಿ ರೂಮು ಹುಡುಕಿದ. ಅಡ್ವಾನ್ಸ್ ಕೇಳಿದರು, ಸಾಲ ಮಾಡಿ ಹೊಂದಿಸಿದ. ಆಮೇಲೆ "ನೀವು ಯಾವ ಜನ?" ಅಂದರು. ಹೇಳಿದ. "ಅಯ್ಯೋ, ರೂಮು ಬೇರೆಯವರಿಗೆ ಮಾತಾಗಿಬಿಟ್ಟಿದೆ" ಅಂದರು. ಮೂರು ಮನೆಯಲ್ಲೂ ಇದೇ ಕತೆ. ಕೊನೆಗೆ ಎರಡು ಬಸ್ಸು ಬದಲಿಸುವಷ್ಟು ದೂರದಲ್ಲಿ ಪರಿಚಯದವರ ಷೆಡ್ಡಿನಲ್ಲಿ ಮಲಗಿದ. ಬೆಳಗಿನ ಪಾಳಿಗೆ ತಡವಾಗಿ ಹೋದ. ಬೈಸಿಕೊಂಡ. ಐದನೇ ತಿಂಗಳು ಬಿಟ್ಟು ಬಂದ. ಕಾರ್ಖಾನೆಯವರು ಬರೆದದ್ದು ಒಂದೇ ಸಾಲು: ಸಮಯಪಾಲನೆ ಇಲ್ಲ.

ಕೆಲಸಕ್ಕೆ ಸಿದ್ಧವಿಲ್ಲದವರ ಲೆಕ್ಕಕ್ಕೆ ಅವನೂ ಸೇರಿದ. ಅವನಿಗೆ ಬಾಗಿಲು ಹಾಕಿದ ಮೂರು ಮನೆಗಳನ್ನು ಯಾರು ಯಾವ ಲೆಕ್ಕಕ್ಕೆ ಸೇರಿಸಿದರು?

ಕಾನೂನನ್ನೂ ನೋಡೋಣ. ಐ.ಟಿ.ಐ. ತರಬೇತಿಯ ಯೋಜನೆ ಶುರುವಾದದ್ದು 1950ರಲ್ಲಿ. ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ. 1973ರ ತಿದ್ದುಪಡಿ ಅಪ್ರೆಂಟಿಸ್ ಜಾಗಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಮೀಸಲು ತಂದಿತು. ಕಾಯಿದೆಯೊಳಗೆ ಬರುವ ಖಾಸಗಿ ಕಾರ್ಖಾನೆಗೂ ಇದು ಅನ್ವಯ. ಈ ಮಾತು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆದರೆ ಅದೇ ಕಾಯಿದೆ ಅಪ್ರೆಂಟಿಸನ್ನು ಕಾರ್ಮಿಕ ಅನ್ನುವುದಿಲ್ಲ, ಕಲಿಯುವವ ಅನ್ನುತ್ತದೆ. ಕಲಿತಾದ ಮೇಲೆ ಕೆಲಸ ಕೊಡಲೇಬೇಕು ಎಂಬ ಕಟ್ಟುಪಾಡು ಮೊದಲಿನಿಂದಲೂ ಇರಲಿಲ್ಲ. 2014ರ ತಿದ್ದುಪಡಿ, ಯಾರನ್ನು ಉಳಿಸಿಕೊಳ್ಳಬೇಕು ಎಂಬ ನೀತಿಯನ್ನು ಮಾಲೀಕರೇ ಮಾಡಿಕೊಳ್ಳಲಿ ಅಂದಿತು. ಖಾಸಗಿ ನೌಕರಿಯಲ್ಲಿ ನಮಗೆ ಮೀಸಲಾತಿಯೇ ಇಲ್ಲ. ಅಂದರೆ ಕಲಿಯುವ ತನಕ ಮೀಸಲು, ಸಂಬಳದ ಹೊತ್ತಿಗೆ ಬಾಗಿಲು. ಒಂದು ವರ್ಷ ಮಿಷನ್ನಿನ ಮುಂದೆ ನಿಲ್ಲಿಸಿಕೊಂಡು ಕಳಿಸು, ಮುಂದಿನ ವರ್ಷ ಹೊಸಬನನ್ನು ತಾ. 2019ರ ನಿಯಮ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡು, ಓದಿನ ಪ್ರಕಾರ, ತಿಂಗಳಿಗೆ 5,000ದಿಂದ 9,000 ರೂಪಾಯಿ. ಬೆಂಗಳೂರಿನಲ್ಲಿ ಬಾಡಿಗೆ ಎಷ್ಟು ಸ್ವಾಮಿ?

ಒಂದು ಕಾಲದಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ. ಗೇಟುಗಳು ಇದ್ದವು. ಸರ್ಕಾರಿ ಕಾರ್ಖಾನೆ, ಮೀಸಲಾತಿ, ಖಾಯಂ ನೌಕರಿ. ಒಬ್ಬ ಒಳಗೆ ಹೋದರೆ ಹಟ್ಟಿಯಲ್ಲಿ ಒಂದು ಮನೆ ಮೇಲೇಳುತ್ತಿತ್ತು. 2016ರಲ್ಲಿ ಎಚ್.ಎಂ.ಟಿ. ವಾಚಿನ ಕಂಪನಿ ಮುಚ್ಚುವ ತೀರ್ಮಾನವಾಯಿತು. ತೆರೆದಿರುವ ಗೇಟುಗಳ ಒಳಗೂ ಕಂತ್ರಾಟು ಹೊಕ್ಕಿದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ತಂತ್ರಜ್ಞಾನದ ಕೇಂದ್ರಗಳೆಂದು ಉದ್ಘಾಟಿಸಿದರು. ಹೊಸ ಮಿಷನ್ನು ಬರಲಿ, ನಮಗೆ ಬೇಕೇ ಬೇಕು. ಆದರೆ ಮಿಷನ್ನು ಯಾರಿಗೂ ಬಾಡಿಗೆ ಮನೆ ಕೊಡಿಸುವುದಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡೋಣ. ನಮ್ಮ ಫಿಟ್ಟರಿಗೆ ಡ್ರಾಯಿಂಗ್ ಓದುವುದು ಕಷ್ಟವಾಗುತ್ತಿತ್ತು, ಇಂಗ್ಲಿಷ್ ಸೂಚನೆ ಕಂಡರೆ ಬೆವರುತ್ತಿದ್ದ. ನಾವು ಮೂವರು ಇಂಗ್ಲಿಷ್ ಓದಿದವರು ಪಕ್ಕದಲ್ಲೇ ಇದ್ದೆವು, ಒಂದು ದಿನವೂ ಕೂತು ಹೇಳಿಕೊಡಲಿಲ್ಲ. ಯಾಕೆ? ಅವನು ಎಣ್ಣೆಗೈಯವನು, ನಾವು ಪುಸ್ತಕದವರು. ಜಾತಿ ಬರೀ ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಅದನ್ನು ನಾವು ಭಾಷಣದಲ್ಲಿ ಹೇಳಿ, ರೂಮಿಗೆ ಬಂದು ನಾವೇ ಮೆಟ್ಟಿಲು ಕಟ್ಟಿಕೊಂಡಿದ್ದೆವು.

ಈಗ ಮಾಡಬೇಕಾದ್ದು ಇಷ್ಟು. ಪ್ರತಿ ಐ.ಟಿ.ಐ. ಬಾಗಿಲಲ್ಲಿ ಬೋರ್ಡು ಹಾಕಲಿ: ಕಳೆದ ವರ್ಷ ಪಾಸಾದವರೆಷ್ಟು, ಇವತ್ತು ಕೆಲಸದಲ್ಲಿರುವವರೆಷ್ಟು, ಖಾಯಂ ಎಷ್ಟು, ಕಂತ್ರಾಟು ಎಷ್ಟು, ಸಂಬಳ ಎಷ್ಟು, ಅದರಲ್ಲಿ ನಮ್ಮವರೆಷ್ಟು. ಅಪ್ರೆಂಟಿಸ್ ಮುಗಿಯುವ ತನಕ ಕಾರ್ಖಾನೆಯ ಹತ್ತಿರ ಸರ್ಕಾರಿ ಹಾಸ್ಟೆಲ್ ಕೊಡಲಿ. 1973ರ ಮೀಸಲು ಎಲ್ಲಿ ತುಂಬಿದೆ, ಎಲ್ಲಿ ಖಾಲಿ ಬಿದ್ದಿದೆ ಅಂತ ಪಟ್ಟಿ ಹೊರಬರಲಿ. ಖಾಸಗಿ ನೌಕರಿಯಲ್ಲಿ ಮೀಸಲಾತಿ ಕೇಳುವುದನ್ನು ನಾವು ಬಿಡಬಾರದು.

ಸರ್ಕಾರ ಬೋರ್ಡು ಹಾಕುವ ತನಕ ಕಾಯುವುದು ಬೇಡ. ನಿಮ್ಮ ಹಾಸ್ಟೆಲ್ಲಿನಿಂದ ಐ.ಟಿ.ಐ.ಗೆ ಹೋದವರ ಹೆಸರು ಬರೆದುಕೊಳ್ಳಿ. ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಬಿಟ್ಟು ಬಂದಿದ್ದರೆ ಯಾಕೆ ಬಂದರು, ಅವರ ಬಾಯಿಂದಲೇ ಕೇಳಿ. ಮುಂದಿನ ಸಭೆಗೆ ಬರುವಾಗ ಆ ಪಟ್ಟಿ ಹಿಡಿದುಕೊಂಡು ಬನ್ನಿ. ನಮ್ಮ ಫಿಟ್ಟರ್ ಈಗ ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡ್ತಿದಾನೆ. ಅವನನ್ನೂ ಕರೆದುಕೊಂಡು ಬರ್ತೇವೆ.